ಬೆನ್ನುಮೂಳೆ ಮುರಿದಿರುವಾಗ ಅವಸರಕ್ಕೆ ಸಹಿ ಹಾಕಬೇಡಿ

ಕಬ್ಬಿನ ಟ್ರ್ಯಾಕ್ಟರ್ ನಿಮ್ಮ ಬೈಕಿಗೆ ಗುದ್ದಿದ್ದು ವಿಜಯಪುರ ಜಿಲ್ಲೆಯಲ್ಲಿ, ನಿಮ್ಮ ಮನೆ ಜಮಖಂಡಿಯಲ್ಲಿ. ಪರಿಹಾರದ ಕೇಸು ಎಲ್ಲಿ ಹಾಕಬೇಕು, ಟ್ರ್ಯಾಕ್ಟರ್ ಮಾಲೀಕ ಕೊಡ್ತೀನಿ ಅಂದ 40,000 ರೂಪಾಯಿ ತಗೊಂಡು ಸುಮ್ನಾಗಲಾ ಅಂತ ಕೇಳಿದ್ದೀರಿ.

ನೀವಿರುವ ಕಡೆಯೇ ಹಾಕಬಹುದು, ವಿಜಯಪುರಕ್ಕೆ ಅಲೆಯಬೇಕಿಲ್ಲ. ಆದರೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಿಬಿಡಿ. 2022ರ ಏಪ್ರಿಲ್‌ನಿಂದ ಈ ಗಡುವು ಬಂದಿದೆ. ನಿಮಗೆ ಆಗಲೇ ನಾಲ್ಕು ತಿಂಗಳು ಆಯ್ತು, ಅಲ್ವಾ?

ದುಡ್ಡಿನ ವಿಷಯ. ಆಸ್ಪತ್ರೆ ಬಿಲ್ಲಿಗಿಂತ ದೊಡ್ಡ ಮೊತ್ತ ಬರೋದು ಮುಂದಿನ ಗಳಿಕೆಯ ನಷ್ಟಕ್ಕೆ. ಡಾಕ್ಟರ್ ಬರೆಯುವ ಅಂಗವೈಕಲ್ಯದ ಶೇಕಡಾ ಒಂದು, ಅದರಿಂದ ನಿಮ್ಮ ದುಡಿಮೆ ಎಷ್ಟು ಹೋಯಿತು ಅನ್ನೋದು ಇನ್ನೊಂದು. ಎರಡೂ ಒಂದೇ ಅಲ್ಲ ಅಂತ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಅನ್ನೋ ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿದೆ. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಸೊಂಟ ಹಿಡಿದರೂ ಕೆಲಸ ನಡೆಯುತ್ತದೆ. ನೀವು ಎಪಿಎಂಸಿಯಲ್ಲಿ ಹಮಾಲಿ. ಬಗ್ಗಿ ಚೀಲ ಎತ್ತಲಾಗದಿದ್ದರೆ ಕೆಲಸವೇ ಹೋಯಿತು. ಹಾಗಾಗಿ ಹಮಾಲಿ ಲೈಸೆನ್ಸ್, ಅಂಗಡಿಯವರು ಕೂಲಿ ಕೊಟ್ಟ ಚೀಟಿ, ಏನಿದ್ದರೂ ಹುಡುಕಿ ಇಡಿ. ಎಂಆರ್‌ಐ, ಡಿಸ್ಚಾರ್ಜ್ ಸಾರಾಂಶ, ಎಫ್‌ಐಆರ್ ಹೇಗೂ ಬೇಕು. ಚಿಕಿತ್ಸೆ ಕೊಟ್ಟ ಡಾಕ್ಟರೇ ಸಾಕ್ಷಿ ಹೇಳಲು ಬಂದರೆ ತೂಕ ಜಾಸ್ತಿ.

40,000ಕ್ಕೆ ರಾಜಿ ಪತ್ರ ಬರೆದುಕೊಟ್ಟರೆ ಪರಿಹಾರ ಕೊಟ್ಟಾಗಿದೆ ಅಂತ ಮುಂದೆ ಕೋರ್ಟಿನಲ್ಲಿ ಅದನ್ನೇ ತೋರಿಸುತ್ತಾರೆ. ಬೇಡ.

ವಕೀಲರಿಗೆ ಇದೊಂದು ಮರೆಯದೆ ಹೇಳಿ: ಟ್ರ್ಯಾಕ್ಟರ್‌ದೂ ಹಿಂದಿನ ಟ್ರೇಲರ್‌ದೂ ಎರಡರ ವಿಮೆ ಪಾಲಿಸಿ ತರಿಸಲಿ. ಕಬ್ಬಿನ ಗಾಡಿಗಳಲ್ಲಿ ವಿಮೆ ಕಂಪನಿ ಮೊದಲು ತಕರಾರು ತೆಗೆಯೋದು ಅಲ್ಲೇ.