ಹಲವು ಕಂಪ್ಯೂಟರ್‌ಗಳ ಕೆಲಸವನ್ನು ಒಟ್ಟಿಗೆ ಮಾಡಿಸುವ ಆನ್ಸಿಬಲ್ ತಂತ್ರಾಂಶದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಶಾಖೆಗಳ ಹೆಸರನ್ನು ಲೂಪ್‌ಗೆ, ಅಂದರೆ ಪುನರಾವರ್ತನೆಗೆ ಕೊಟ್ಟು ಒಂದೇ ಟಾಸ್ಕ್ (ಕೆಲಸ) ಫೈಲನ್ನು ಮೂರು ಸಲ ಓಡಿಸಲು ಹೋದರೆ ದೋಷ ಬರುವುದೇಕೆ?

ನೀವು 'ಇಂಪೋರ್ಟ್_ಟಾಸ್ಕ್ಸ್' ಬಳಸಿದ್ದೀರಿ. ಅದು ಲೂಪ್ ಒಪ್ಪುವುದಿಲ್ಲ. 'ಇನ್‌ಕ್ಲೂಡ್_ಟಾಸ್ಕ್ಸ್' ಎಂದು ಬದಲಿಸಿ.

ವ್ಯತ್ಯಾಸವಿರುವುದು ಸಮಯದಲ್ಲಿ. ಪ್ಲೇಬುಕ್, ಅಂದರೆ ಕೆಲಸಗಳ ಪಟ್ಟಿಯನ್ನು ಓದುವಾಗಲೇ ಇಂಪೋರ್ಟ್ ಆ ಫೈಲನ್ನು ಅಲ್ಲಿ ಅಂಟಿಸಿಬಿಡುತ್ತದೆ. ಯಾವ ಶಾಖೆ, ಎಷ್ಟು ಸಲ ಎಂಬುದು ತಿಳಿಯುವುದು ಓಟ ಶುರುವಾದ ಮೇಲೆ. ಇನ್‌ಕ್ಲೂಡ್ ತನ್ನ ಸರದಿ ಬಂದಾಗಲಷ್ಟೇ ಫೈಲ್ ತೆರೆಯುತ್ತದೆ, ಹಾಗಾಗಿ ಪ್ರತಿ ಹೆಸರಿಗೂ ಹೊಸದಾಗಿ ತೆರೆಯಬಲ್ಲದು.

ನನ್ನ ಅರ್ಧ ದಿನ ತಿಂದದ್ದು ಇನ್ನೊಂದು: ಇಂಪೋರ್ಟ್‌ಗೆ ಹಾಕಿದ 'ವೆನ್' ಷರತ್ತು ಫೈಲಿನೊಳಗಿನ ಪ್ರತಿ ಟಾಸ್ಕ್‌ಗೂ ಅಂಟಿಕೊಳ್ಳುತ್ತದೆ. ಮೊದಲ ಟಾಸ್ಕ್ ಆ ಷರತ್ತಿನ ವೇರಿಯಬಲ್ಲನ್ನೇ ಬದಲಿಸಿದರೆ ಉಳಿದವು ದೋಷ ತೋರಿಸದೆಯೇ ಬಿಟ್ಟುಹೋಗುತ್ತವೆ. ಇನ್‌ಕ್ಲೂಡ್‌ನಲ್ಲಿ ಷರತ್ತನ್ನು ಬಾಗಿಲಲ್ಲಿ ಒಮ್ಮೆ ಮಾತ್ರ ಕೇಳುತ್ತಾರೆ.