ತೋಟ, ಮನೆ, ಸಂಘ: ಹೊಡೆತ ಬಿದ್ದರೂ ಕೆಲಸ ನಿಲ್ಲದ ಹಾಗೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಹತ್ತಿರ 8 ಎಕರೆ ಕಾಫಿ ತೋಟ, 5 ಎಕರೆ ಅರೇಬಿಕಾ, 3 ಎಕರೆ ರೋಬಸ್ಟಾ. ಎಲ್ಲವನ್ನೂ ಅಪ್ಪ ಒಬ್ಬರೇ ನೋಡಿಕೊಳ್ಳುತ್ತಾರೆ. ಅಮ್ಮ ಊರಿನ ಸ್ವಸಹಾಯ ಸಂಘದ ಪ್ರತಿನಿಧಿ. ಒಂದು ವರ್ಷ ಮಳೆ ಕೈಕೊಡುತ್ತದೆ, ಇನ್ನೊಂದು ವರ್ಷ ರೇಟು ಬೀಳುತ್ತದೆ, ಹೋದ ಸಲ ಅಪ್ಪನಿಗೆ ಆಪರೇಷನ್ ಆಗಿ ಎಲ್ಲವೂ ನಿಂತೇಹೋಯಿತು. ತರಬೇತಿಗಳಲ್ಲಿ ‘ರೆಸಿಲಿಯನ್ಸ್ (ಹೊಡೆತ ತಿಂದರೂ ಚೇತರಿಸಿಕೊಳ್ಳುವ ಶಕ್ತಿ) ಬೆಳೆಸಿಕೊಳ್ಳಿ’ ಅನ್ನುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಬಿಟ್ಟು ಬೇರೇನಾದರೂ ಇದೆಯಾ?

ಇದೆ. ಏಟು ತಿಂದು ಬೇಗ ಎದ್ದುನಿಲ್ಲುವ ಮನೆಗಳನ್ನು ಗಮನಿಸಿ ನೋಡಿ. ಅಲ್ಲಿನ ಜನ ಉಳಿದವರಿಗಿಂತ ಧೈರ್ಯಸ್ಥರು ಅಂತೇನೂ ಇರುವುದಿಲ್ಲ. ಕೆಲವು ತಿಂಗಳಿಗಾಗುವಷ್ಟು ದುಡ್ಡು ಬೇರೆ ಇಟ್ಟಿರುತ್ತಾರೆ, ಪ್ರತಿ ಕೆಲಸವೂ ಇನ್ನೊಬ್ಬರಿಗೆ ಗೊತ್ತಿರುತ್ತದೆ, ಕೆಲವು ತೀರ್ಮಾನಗಳು ಮೊದಲೇ ಆಗಿರುತ್ತವೆ. ಇದನ್ನೆಲ್ಲ ಬೇಸಿಗೆಯಲ್ಲಿ ಮಾಡಿಡಬೇಕು. ಜುಲೈನಲ್ಲಿ ಕರೆಂಟೂ ಇಲ್ಲದೆ, ರಸ್ತೆಗೆ ಮರ ಬಿದ್ದಿರುವಾಗ ಶುರು ಮಾಡಿದರೆ ಆಗುವುದಿಲ್ಲ.

ದುಡ್ಡಿನಿಂದಲೇ ಆರಂಭಿಸಿ. ಕಾಫಿ ಮನೆಗೆ ಆದಾಯ ಜನವರಿಯಿಂದ ಏಪ್ರಿಲ್‌ವರೆಗೆ ಬಂದು ಮುಗಿಯುತ್ತದೆ. ಮರಗಸಿ (ನೆರಳು ಮರದ ಕೊಂಬೆ ಕಡಿಸುವುದು), ಗೊಬ್ಬರ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸ್ಪ್ರೇ, ಕಳೆ ಅಂತ ಖರ್ಚು ಮಾತ್ರ ನಡೆಯುತ್ತಲೇ ಇರುತ್ತದೆ. ಕೈ ಕಟ್ಟುವುದು ಜೂನ್‌ನಿಂದ ನವೆಂಬರ್‌ವರೆಗೆ. ಹಾಗಾಗಿ ಮನೆಯ ಒಂದು ತಿಂಗಳ ಖರ್ಚಿನಷ್ಟು ಮೊತ್ತದ ಆರು ಎಫ್‌ಡಿ ಮಾಡಿಸಿ, ಜೂನ್‌ನಲ್ಲಿ ಒಂದು, ಜುಲೈನಲ್ಲಿ ಒಂದು, ಹೀಗೆ ನವೆಂಬರ್‌ವರೆಗೆ ತಿಂಗಳಿಗೊಂದು ಮುಗಿಯುವ ಹಾಗೆ. ಒಂದೇ ದೊಡ್ಡ ಎಫ್‌ಡಿ ಇಟ್ಟರೆ ಸಣ್ಣ ಅಗತ್ಯಕ್ಕೂ ಪೂರ್ತಿ ಮುರಿಯಬೇಕಾಗುತ್ತದೆ, ಮುರಿದ ಮೇಲೆ ಉಳಿದದ್ದು ಉಳಿಯುವುದಿಲ್ಲ. ಇಬ್ಬರ ಹೆಸರಿರಲಿ, ಯಾರು ಬೇಕಾದರೂ ತೆಗೆಯಬಹುದು ಎಂದು ಫಾರಂನಲ್ಲಿ ಸ್ಪಷ್ಟವಾಗಿ ಬರೆಸಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರೊಬ್ಬರ ಹೆಸರಿನ ಖಾತೆಯಲ್ಲಿ ಎಷ್ಟಿದ್ದರೂ ಮನೆಯವರ ಕೈಗೆ ಸಿಗುವುದಿಲ್ಲ. ಬೆಳೆಸಾಲ ಇರುವ ಬ್ಯಾಂಕಿನಲ್ಲಿ ಇಡಬೇಡಿ, ಬಾಕಿ ಬಿದ್ದರೆ ಠೇವಣಿಯಿಂದ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ.

ಇಲ್ಲಿ ಬಹಳ ಜನ ಎಡವುವುದು ಕಿಸಾನ್ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ. ‘ಇನ್ನೂ ಲಿಮಿಟ್ ಇದೆಯಲ್ಲ’ ಎಂದು ಅದನ್ನೇ ಆಪತ್ಕಾಲದ ಹಣ ಅಂದುಕೊಳ್ಳುತ್ತಾರೆ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ 7 ಬಡ್ಡಿ, ಸಮಯಕ್ಕೆ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕಿ ಶೇ 4 ಆಗುತ್ತದೆ. ಗಡುವು ತಪ್ಪಿದರೆ ಆ ರಿಯಾಯಿತಿ ಹೋಗುತ್ತದೆ. ಫಸಲು ಕಮ್ಮಿಯಾಗಿ ರೇಟೂ ಇಲ್ಲದ ವರ್ಷದಲ್ಲೇ ಗಡುವು ತಪ್ಪುವುದು, ಆಗ ಬೆಳೆಸಾಲದ ನವೀಕರಣಕ್ಕೆ ಕೈಸಾಲ ಮಾಡಬೇಕಾಗುತ್ತದೆ. ಸಾಲದ ಲಿಮಿಟನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಲೇಬೇಡಿ.

ಕಾಫಿಯನ್ನು ಒಂದೇ ಸಲಕ್ಕೆ ಮಾರಬೇಡಿ. ಮೂರು ಪಾಲು ಮಾಡಿ, ಕೊಯ್ಲಿನ ಕೂಲಿ, ಸಾಲದ ಕಂತಿಗೆ ಬೇಕಾದಷ್ಟನ್ನು ಕೂಡಲೇ ಕೊಟ್ಟುಬಿಡಿ, ಉಳಿದ ಎರಡನ್ನು ಬೇರೆ ಬೇರೆ ತಿಂಗಳಲ್ಲಿ ಕೊಡಿ. ಕಾದಿಡುವ ಕಾಫಿ ಸರಿಯಾಗಿ ಒಣಗಿರಬೇಕು: ಪಾರ್ಚ್‌ಮೆಂಟ್‌ನ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ತೇವಾಂಶ ಶೇ 10, ರೋಬಸ್ಟಾ ಚೆರಿಯದು (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಶೇ 11, ಅರೇಬಿಕಾ ಚೆರಿಯದು ಶೇ 12. ಮೂಟೆಗಳು ಮರದ ಹಲಗೆಯ ಮೇಲಿರಲಿ, ಗೋಡೆಗೆ ತಾಗಬಾರದು, ಗೊಬ್ಬರ, ಔಷಧಿ ಇರುವ ಕೋಣೆಯಂತೂ ಬೇಡವೇ ಬೇಡ. ಇಷ್ಟೆಲ್ಲ ಮಾಡಿದರೂ ಮೂಡಿಗೆರೆಯ ಮಳೆಗಾಲದ ಗಾಳಿಯಲ್ಲಿ ಬೀಜ ತೇವ ಎಳೆದುಕೊಂಡು ಬಣ್ಣ ಕಳೆದುಕೊಳ್ಳುತ್ತದೆ. ಜೂನ್ ದಾಟಿಸುವುದಾದರೆ ಮೇ ತಿಂಗಳಲ್ಲೇ ಹಾಸನದ ಅಥವಾ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಗೋದಾಮಿಗೆ ಸಾಗಿಸಿ.

ಮೆಣಸಿನ ಬಗ್ಗೆ ಒಂದು ಮಾತು. ‘ಕಾಫಿ ಜೊತೆ ಮೆಣಸಿದೆ, ಎರಡು ಆದಾಯ’ ಎಂದು ನೆಮ್ಮದಿಯಿಂದ ಇರುತ್ತಾರೆ. ಆದರೆ ಎರಡೂ ಕೈಗೆ ಬರುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಆ ಮಟ್ಟಿಗೆ ಮೆಣಸಿನಿಂದ ಜೂನ್‌ನ ತೊಂದರೆ ನೀಗುವುದಿಲ್ಲ. ಮೆಣಸಿನ ನಿಜವಾದ ಗುಣ ಬೇರೆ: ಚೆನ್ನಾಗಿ ಒಣಗಿಸಿ ಗಾಳಿಯಾಡದ ಚೀಲದಲ್ಲಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಸ್ವಲ್ಪವನ್ನಾದರೂ ಮಳೆಗಾಲಕ್ಕೆಂದೇ ಎತ್ತಿಡಿ. ಬಳ್ಳಿ ಉಳಿಯಬೇಕಾದರೆ ಮಳೆ ಹಿಡಿಯುವ ಮೊದಲೇ ಶೇ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬುಡದಲ್ಲಿ ನೀರು ನಿಂತರೆ ಸ್ಪ್ರೇ ಮಾಡಿಯೂ ಸೊರಗು ರೋಗ ಬರುತ್ತದೆ, ಬಸಿಗಾಲುವೆ ಮೊದಲು ನೋಡಿ.

ಇನ್ನು ಜನ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇಲ್ಲೇ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಮಳೆಯಲ್ಲಲ್ಲ. ಅಪ್ಪನಿಗೆ ‘ಎಲ್ಲ ಬರೆದುಕೊಡಿ’ ಎಂದರೆ ಅವರು ಬರೆಯುವುದಿಲ್ಲ. ಬರೆದರೂ ತಮಗೆ ಮಾಮೂಲಿ ಅನಿಸಿದ್ದನ್ನು ಬಿಟ್ಟುಬಿಡುತ್ತಾರೆ, ಬೇಕಾಗುವುದು ಅದೇ. ಜೊತೆಗೆ ತೋಟ ಸುತ್ತಿ, ಅವರು ಮಾಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಪಂಪ್‌ಹೌಸನ್ನೇ ನೋಡಿ. ಅಪ್ಪ ಹೋಗಿ ಎರಡು ನಿಮಿಷದಲ್ಲಿ ನೀರು ಹರಿಸುತ್ತಾರೆ. ಬೇರೆಯವರು ಹೋದರೆ ಮೋಟರ್ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಅಪ್ಪ ಮಾಡುವುದು ಇಷ್ಟು: ಮೊದಲು ಡೆಲಿವರಿ ವಾಲ್ವ್ ಮುಚ್ಚುತ್ತಾರೆ, ಪಂಪಿನ ಮೇಲಿರುವ, ನೀರು ಹೊಯ್ಯುವ ಬಟ್ಟಲಿನಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ನೀರು ತುಂಬಿಸುತ್ತಾರೆ, ಸ್ಟಾರ್ಟರ್ ಒತ್ತುವ ಮುನ್ನ ಮೂರೂ ಫೇಸ್ ದೀಪ ನೋಡುತ್ತಾರೆ, ಮೋಟರ್ ವೇಗ ಹಿಡಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯುತ್ತಾರೆ. ತುಂಬಿದ ನೀರು ಇಳಿದುಹೋಗುತ್ತಿದ್ದರೆ ಫುಟ್‌ವಾಲ್ವ್‌ನಲ್ಲಿ (ನೀರೆಳೆಯುವ ಪೈಪಿನ ತುದಿಯ ವಾಲ್ವ್) ಕಸ ಸಿಕ್ಕಿದೆ ಎಂದರ್ಥ. ಅದನ್ನು ಗಮನಿಸದೆ ಓಡಿಸಿದರೆ ಪಂಪು ಒಣಗಿ ಸೀಲ್ ಸುಡುತ್ತದೆ. ಎರಡೇ ಫೇಸ್ ಇದ್ದಾಗ ಓಡಿಸಿದರೆ ಮೋಟರೇ ಸುಡುತ್ತದೆ. ಈ ಕ್ರಮವನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ಟಾರ್ಟರ್ ಪಕ್ಕ ಅಂಟಿಸಿ. ಬಿಡಿ ಫುಟ್‌ವಾಲ್ವ್ ಒಂದು, ಫ್ಯೂಸ್ ತಂತಿ, ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವವರ ನಂಬರು ಅಲ್ಲೇ ಇರಲಿ.

ಹೀಗೇ ಆಳುಗಳಿಗೆ ಕೊಟ್ಟ ಮುಂಗಡದ ಪುಸ್ತಕ, ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಬ್ಯಾಂಕ್, ಆರ್‌ಟಿಸಿ (ಪಹಣಿ), ವಿಮೆ, ಎಲ್ಲದರದ್ದೂ ಬರೆದಿಡಿ. ಬರೆದಾದ ಮೇಲೆ ಪರೀಕ್ಷೆ ಮಾಡಿ: ಕೆಲಸ ಕಡಿಮೆ ಇರುವ ವಾರದಲ್ಲಿ ಅಪ್ಪ ಎರಡು ದಿನ ನೆಂಟರ ಮನೆಗೆ ಹೋಗಲಿ, ಫೋನ್ ಮಾಡಬಾರದು. ಎಲ್ಲಿ ಕೆಲಸ ನಿಂತಿತೋ ಅದೇ ನೀವು ಬರೆಯದೆ ಬಿಟ್ಟದ್ದು.

ಮೊದಲೇ ಆಗಬೇಕಾದ ತೀರ್ಮಾನಗಳಲ್ಲಿ ಎರಡು ಮುಖ್ಯ. ಒಂದು, ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ. 10-20 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು) ಹನಿದು ನಿಂತರೆ ರೋಬಸ್ಟಾ ಮೊಗ್ಗು ಅರ್ಧಕ್ಕೇ ನಿಂತು ಒಣಗುತ್ತದೆ. ಆಗ ‘ನಾಳೆ ಮಳೆ ಬಂದೀತು’ ಎಂದು ಕಾಯುತ್ತ ಕೂರುವುದರಲ್ಲೇ ಫಸಲು ಹೋಗುವುದು. ಎಷ್ಟು ದಿನ ಕಾಯುವುದು, ಜೆಟ್ (ತುಂತುರು ನೀರಾವರಿ) ಹಾಕಿ ಎಂದು ಹೇಳುವವರು ಯಾರು, ಜನವರಿಯಲ್ಲೇ ನಿಶ್ಚಯಿಸಿ. ನೀರಿನ ಲೆಕ್ಕ: ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು, 15-20 ದಿನದ ನಂತರ ಬ್ಯಾಕಿಂಗ್‌ಗೆ (ಹೂವಾದ ಮೇಲೆ ಕೊಡುವ ಎರಡನೇ ನೀರು) ಒಂದು ಇಂಚು. ನಿಮ್ಮ 3 ಎಕರೆ ರೋಬಸ್ಟಾಕ್ಕೆ 7.7 ಲಕ್ಷ ಲೀಟರ್. ಮೇಲೆ 21 ಮೀಟರ್ ಚೌಕ, ತಳದಲ್ಲಿ 15 ಮೀಟರ್ ಚೌಕ, 3 ಮೀಟರ್ ಆಳದ, ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ 9.8 ಲಕ್ಷ ಲೀಟರ್ ನಿಲ್ಲುತ್ತದೆ. ಆವಿಯಾಗುವುದನ್ನು ಕಳೆದರೆ ಸರಿಹೋಗುತ್ತದೆ, ಮಿಗುವುದಿಲ್ಲ.

ಇನ್ನೊಂದು, ಗುಡ್ಡ ಕುಸಿತ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಆದದ್ದು ನಿಮ್ಮ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ, ನಿಮ್ಮ ಮಳೆಮಾಪಕದಲ್ಲಿ ಅದು 4 ಇಂಚು 55 ಸೆಂಟ್ಸ್. ಇಳಿಜಾರಿನ ಕೆಳಗೆ ಮನೆಯೋ ಲೈನ್ ಮನೆಯೋ (ಆಳುಗಳ ಸಾಲುಮನೆ) ಇದ್ದರೆ, ಆ ಅಂಕಿ ದಾಟಿದ ದಿನ ರಾತ್ರಿ ಅಲ್ಲಿ ಯಾರೂ ಮಲಗಬಾರದು ಎಂದು ನಿಯಮ ಮಾಡಿ. ನೆಲ ಬಿರುಕು ಬಿಟ್ಟರೆ, ಒರತೆ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಮರ ವಾಲಿದರೆ ಅಂಕಿಗೂ ಕಾಯಬೇಡಿ.

ಮನಸ್ಸಿನ ವಿಷಯ ಕಡೆಗಣಿಸಬೇಡಿ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಆಸಕ್ತಿ ಇಲ್ಲದಿದ್ದರೆ, ಕುಡಿತ ಹೆಚ್ಚುತ್ತಿದ್ದರೆ ಅದು ಡಾಕ್ಟರು ನೋಡಬೇಕಾದ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ತೋಟದ ಸಾಲವನ್ನು ಮನೆಯಲ್ಲಿ ಒಬ್ಬರೇ ಗುಟ್ಟಾಗಿ ಹೊರುವುದನ್ನು ಇವತ್ತೇ ನಿಲ್ಲಿಸಿ.

ಅಮ್ಮನ ಸಂಘಕ್ಕೆ ಇರುವ ತೊಂದರೆ ಏನೆಂದರೆ, ಎಲ್ಲ ಸದಸ್ಯರಿಗೂ ಕೆಲಸ ತಪ್ಪುವುದು ಒಂದೇ ತಿಂಗಳಲ್ಲಿ, ಸಾಲ ಬೇಕಾಗುವುದೂ ಆಗಲೇ. ಅದಕ್ಕೆ ಒಟ್ಟು ನಿಧಿಯ ಕಾಲುಭಾಗವನ್ನು ಸಾಲ ಕೊಡದೆ ಇಟ್ಟುಕೊಳ್ಳಲಿ. ಜುಲೈ, ಆಗಸ್ಟ್‌ನಲ್ಲಿ ಅಸಲು ಬೇಡ, ಬಡ್ಡಿ ಮಾತ್ರ ಎಂದು ಏಪ್ರಿಲ್ ಸಭೆಯಲ್ಲೇ ನಡಾವಳಿ ಬರೆಯಲಿ; ಮಳೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿನಾಯಿತಿ ಕೊಡಲು ಹೊರಟರೆ ಜಗಳವಾಗಿ ಸಂಘ ಒಡೆಯುತ್ತದೆ. ಚೆಕ್ಕಿಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದಿರಲಿ. ಏನಾದರೂ ಅನಾಹುತ ಆದರೆ ಹತ್ತು ದಿನದೊಳಗೆ ಒಂದು ಸಭೆ ಸೇರಿ: ಏನಾಯಿತು, ಏನಾಗುತ್ತದೆ ಅಂದುಕೊಂಡಿದ್ದೆವು, ಯಾವ ಏರ್ಪಾಡು ಇರಲಿಲ್ಲ. ಯಾರ ತಪ್ಪು ಅನ್ನುವ ಪ್ರಶ್ನೆ ಎತ್ತಿದ ಕೂಡಲೇ ಉಳಿದವರು ಬಾಯಿ ಮುಚ್ಚುತ್ತಾರೆ, ಆಮೇಲೆ ನಿಜ ಹೊರಬರುವುದಿಲ್ಲ. ಒಂದೇ ಒಂದು ಬದಲಾವಣೆ ಒಪ್ಪಿಕೊಳ್ಳಿ, ಮಾಡುವವರ ಹೆಸರು, ತಾರೀಖು ಬರೆದು, ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಿಸಿ.