ನಡಿಗೆ ನೋಡಿ ಫೋನ್ ಹೇಳುತ್ತಾ, ಕುಡಿದಿದ್ದಾರೆ ಅಂತ?

ಪ್ರಶ್ನೆ: ನಮ್ಮ ಮನೆಯವರು ಶನಿವಾರ ಗೆಳೆಯರ ಜೊತೆ ಕೂತು, ರಾತ್ರಿ ಬೈಕಿನಲ್ಲೇ ಮನೆಗೆ ಬರುತ್ತಾರೆ. ಕೇಳಿದರೆ ‘ನನಗೇನೂ ಏರಿಲ್ಲ, ನೆಟ್ಟಗೇ ನಡೀತಿದ್ದೀನಲ್ಲ’ ಅನ್ನುತ್ತಾರೆ. ನಡಿಗೆಯಿಂದಲೇ ಫೋನು ಕುಡಿದದ್ದನ್ನು ಕಂಡುಹಿಡಿಯುತ್ತದಂತೆ, ನಿಜವೇ? ಅಂಥ ಆ್ಯಪ್ ಹಾಕಿಕೊಡಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಜ ಅಮ್ಮಾ. ಆದರೂ ಆ್ಯಪ್ ಹಾಕಿಕೊಡಬೇಡಿ.

ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದು ಆಕ್ಸಲೆರೋಮೀಟರ್ ಅನ್ನೋ ಸಣ್ಣ ಚಿಪ್‌ನ ಕೆಲಸ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದಾಗ ಫೋನನ್ನು ಮೇಜಿನ ಮೇಲೆ ಮಲಗಿಸಿ ಹುಡುಗರಿಗೆ ತೋರಿಸುತ್ತಿದ್ದೆ. ಪರದೆಯ ಮೇಲೆ ಮೂರು ಗೆರೆ. ಎರಡು ಸೊನ್ನೆಯ ಹತ್ತಿರ, ಇನ್ನೊಂದು 9.8ರ ಆಸುಪಾಸು. ಅದು ಭೂಮಿಯ ಸೆಳೆತ. ಅದೇ ಫೋನನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಮೂರೂ ಕುಣಿಯುತ್ತವೆ: ಹಿಂದೆ ಮುಂದೆ, ಮೇಲೆ ಕೆಳಗೆ, ಅಕ್ಕಪಕ್ಕ. ಕುಡಿದಾಗ ಮೈಯ ಸಮತೋಲ ಕಾಯುವ ಕಿರುಮೆದುಳು ಎಡವುತ್ತದೆ, ಈ ಕುಣಿತದ ತಾಳ ತಪ್ಪುತ್ತದೆ. ಕಣ್ಣಿಗೆ ಕಾಣದ ವಾಲಾಟವೂ ಅಲ್ಲಿ ದಾಖಲಾಗುತ್ತದೆ.

ಅಮೆರಿಕದಲ್ಲಿ ಬ್ರಯಾನ್ ಸಫೊಲೆಟ್ಟೊ ಅನ್ನುವ ತುರ್ತು ಚಿಕಿತ್ಸೆಯ ವೈದ್ಯರು ಮತ್ತವರ ಜೊತೆಗಾರರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. 22 ಜನಕ್ಕೆ ಲೆಕ್ಕ ಹಾಕಿ ವೋಡ್ಕಾ ಬೆರೆಸಿದ ಪಾನೀಯ ಕೊಟ್ಟರು. ಆಮೇಲೆ ಏಳು ಗಂಟೆ ಕಾಲ, ಗಂಟೆಗೊಮ್ಮೆ ಉಸಿರು ಊದಿಸಿದರು, ನಡೆಸಿದರು. ಹತ್ತು ಹೆಜ್ಜೆ ನೇರ, ತಿರುಗಿ ಮತ್ತೆ ಹತ್ತು ಹೆಜ್ಜೆ. ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯಸಾರಕ್ಕೆ ಅಲ್ಲಿನ ಮಿತಿಯಾದ 0.08 ದಾಟಿದ್ದನ್ನು ಸುಮಾರು ಶೇ 90ರಷ್ಟು ಸರಿಯಾಗಿ ಗುರುತಿಸಲು ಫೋನಿನ ಲೆಕ್ಕಕ್ಕೆ ಸಾಧ್ಯವಾಯಿತು.

ಒಳ್ಳೆ ಫಲಿತಾಂಶವೇ. ಆದರೆ ಫೋನು ಎಲ್ಲಿತ್ತು ಗೊತ್ತಾ? ಬೆನ್ನಿನ ಕೆಳಗೆ, ಬಿಗಿಯಾಗಿ ಕಟ್ಟಿತ್ತು. ನಿಮ್ಮವರ ಫೋನು ಅಂಗಿ ಜೇಬಿನಲ್ಲೋ ಕಿವಿಯ ಹತ್ತಿರವೋ ಇರುತ್ತದೆ. ಇನ್ನು ನನ್ನಂಥವರನ್ನು ನೋಡಿ. ಮೊಣಕಾಲು ನೋವು, ಚಹಾ ಬಿಟ್ಟು ಏನೂ ಕುಡಿಯದವನು, ಆದರೂ ಬಲಕ್ಕೆ ವಾಲುತ್ತೇನೆ. ನನ್ನ ಮಾಮೂಲು ನಡಿಗೆ ಹೇಗೆ ಅಂತ ಗೊತ್ತಿಲ್ಲದ ಆ್ಯಪ್ ನನ್ನನ್ನು ದಿನಾ ಕುಡುಕ ಅಂದೀತು!

ನಿಜವಾದ ಭಯ ಬೇರೆ. ಅವರ 0.08 ಅಂದರೆ 100 ಮಿಲಿ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ ಬರೀ 30. ರಕ್ತದಲ್ಲಿ ಐವತ್ತು ಮಿಲಿಗ್ರಾಂ ಇರುವ ಮನುಷ್ಯ ಹತ್ತು ಹೆಜ್ಜೆ ನೆಟ್ಟಗೆ ಹಾಕಿಬಿಡಬಹುದು. ಆದರೆ ಎದುರಿಗೆ ನಾಯಿ ಅಡ್ಡ ಬಂದಾಗ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಆ್ಯಪ್ ‘ಸರಿ ಇದ್ದೀರಿ’ ಅಂದರೆ ಅವರಿಗೆ ಅದೇ ಸರ್ಟಿಫಿಕೇಟ್ ಆಗಿಬಿಡುತ್ತದೆ, ಅಲ್ವಾ? ಪೊಲೀಸರು ಫೋನಿನ ಮಾತು ಕೇಳುವುದಿಲ್ಲ, ಊದಿಸುತ್ತಾರೆ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ.

ಶನಿವಾರ ಸಂಜೆ ಬೈಕಿನ ಕೀ ನೀವೇ ಇಟ್ಟುಕೊಳ್ಳಿ, ಹೋಗಿಬರಲು ಆಟೊ ದುಡ್ಡು ಕೊಟ್ಟು ಕಳಿಸಿ. ರೇಗಿದರೆ ಈ ಪುಟ ತೋರಿಸಿ, ಬೈಗುಳ ನನಗೇ ಬರಲಿ.